ಹಳೇ ಸೋಫಾ ಇದ್ದವರು ಸ್ವಲ್ಪ ಓದ್ರಿ

ಬಳ್ಳಾರಿಯಾಗ ಧೂಳು ಹೊಸದಲ್ಲ. ಬೆಳಿಗ್ಗೆ ಒರೆಸಿದ ಕಿಟಕಿ ಸಂಜೆಗೆ ಕೆಂಪಗಾಗಿರ್ತದ. ಆದ್ರ ಮನಿಯೊಳಗೇ ಹುಟ್ಟೋ ಧೂಳಿನ ಬಗ್ಗೆ ನಾವು ಯೋಚನೆ ಮಾಡೂದು ಕಡಿಮೆ.

ಹೋದ ವಾರ ನಮ್ಮ ಸೋಫಾ ಸರಿಸಿದೆ. ರೆಕ್ಸಿನ್ ಹರಿದ ಕಡೆಯಿಂದ ಹಳದಿ ಫೋಮ್ ರವೆಯಂಗ ಉದುರಿ ನೆಲದ ಮ್ಯಾಲೆ ಬಿದ್ದಿತ್ತು. ಅಲ್ಲೇ ಅಂಬೆಗಾಲಿಡೋ ಮೊಮ್ಮಗಳು ಅಂಗೈ ಊರಿ, ಅದೇ ಕೈ ಬಾಯಿಗಿಟ್ಟಳು. ಎದಿ ಝಲ್ ಅಂತು.

ಹಳೇ ಫೋಮ್, ಟಿವಿ, ಕಂಪ್ಯೂಟರ್ ಪ್ಲಾಸ್ಟಿಕ್‌ಗೆ ಬೆಂಕಿ ಬೇಗ ಹತ್ತಬಾರದು ಅಂತ ಬ್ರೋಮಿನ್ ಇರೋ ರಾಸಾಯನಿಕ ಬೆರೆಸ್ತಿದ್ರು. ಅವು ಪ್ಲಾಸ್ಟಿಕ್ ಜೋಡಿ ಗಟ್ಟಿಯಾಗಿ ಕೂಡಿಕೊಂಡಿರಂಗಿಲ್ಲ. ವರ್ಷಗಟ್ಟಲೆ ನಿಧಾನಕ್ಕ ಹೊರಬಂದು ಧೂಳಿಗೆ ಅಂಟ್ತಾವ. ಥೈರಾಯ್ಡ್ ಹಾರ್ಮೋನಿಗೆ, ಮಕ್ಕಳ ಮೆದುಳಿನ ಬೆಳವಣಿಗಿಗೆ ತೊಂದರೆ ಕೊಡ್ತಾವ. ಕೆಲವನ್ನ 2009ರಾಗ ಸ್ಟಾಕ್‌ಹೋಮ್ ಒಪ್ಪಂದದ (ಬಹಳ ಕಾಲ ಕರಗದ ವಿಷ ರಾಸಾಯನಿಕ ತಡಿಯೋಕ ದೇಶಗಳು ಮಾಡಿಕೊಂಡ ಒಪ್ಪಂದ) ಪಟ್ಟಿಗೆ ಸೇರಿಸಿದ್ರು, 2018ರಾಗ ನಮ್ಮ ದೇಶದಾಗೂ ನಿಷೇಧ ಬಂತು. ಹಳೇ ಸಾಮಾನು ಮಾತ್ರ ಮನಿಯಾಗೇ ಅದಾವಲ್ಲ!

ಒಣ ಕಸಬರಿಗಿ ಹೊಡೆದ್ರ ಸಣ್ಣ ಧೂಳು ಮ್ಯಾಲೆದ್ದು ಮತ್ತ ಅಲ್ಲೇ ಕೂಡ್ತದ. ಒದ್ದಿ ಬಟ್ಟಿಲೆ ಒರೆಸ್ರಿ. ಟಿವಿ ಹಿಂದ, ಮಂಚದ ಕೆಳಗ ಮರೀಬ್ಯಾಡ್ರಿ. ಊಟಕ್ಕ ಮುಂಚೆ ಮಕ್ಕಳ ಕೈ ಸೋಪು ಹಚ್ಚಿ ತೊಳಸ್ರಿ, ಇದು ಎಲ್ಲಕ್ಕಿಂತ ಮುಖ್ಯ. ಹರಿದ ಕವರ್ ಕೂಡಲೇ ಹೊಲಿಸ್ರಿ, ಫೋಮ್ ಪುಡಿಯಾಗಿದ್ರ ಬದಲಾಯಿಸ್ರಿ.

ತೆಗೆದ ಫೋಮ್, ವೈರು ಹಿತ್ತಲದಾಗ ಸುಡಬ್ಯಾಡ್ರಿ. ಸುಟ್ಟ್ರ ಇನ್ನೂ ಕೆಟ್ಟ ವಿಷ ಗಾಳಿಗೆ, ಮಣ್ಣಿಗೆ ಸೇರ್ತದ. ನಾನು ನಮ್ಮ ಫೋಮನ್ನ ಚೀಲದಾಗ ಕಟ್ಟಿ ಕಸದ ಗಾಡಿಗೆ ಕೊಟ್ಟೀನಿ.