ನೀರಿನ ಸ್ಮಾರ್ಟ್ ಬಾಟಲಿಗೆ ಆ್ಯಪ್: ಪರದೆ ರೂಪಿಸುವುದು ಹೇಗೆ?

ಮಾರ್ಚ್ ಬಂತೆಂದರೆ ಮಂಗಳೂರು, ಉಡುಪಿಯಲ್ಲಿ ನೆರಳಲ್ಲಿ ಕೂತರೂ ಬೆವರು ಆರುವುದಿಲ್ಲ. ಇಲ್ಲಿನವರು ಬಳಸುವ, ನೀರಿನ ಲೆಕ್ಕವನ್ನು ಫೋನಿಗೆ ಕಳಿಸುವ ಸ್ಮಾರ್ಟ್ ಬಾಟಲಿಗೆ ಆ್ಯಪ್ ಮಾಡುವವರು ಪರದೆಯ ಚಿತ್ರ ಬಿಡಿಸುವ ಮೊದಲು, ಬಾಟಲಿಗೆ ಏನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ ಎಂದು ಬರೆದಿಟ್ಟುಕೊಳ್ಳಬೇಕು.

ತಳದಲ್ಲಿ ತೂಕದ ಸೆನ್ಸರ್ ಇರುವ ಬಾಟಲಿಯನ್ನೇ ತೆಗೆದುಕೊಳ್ಳಿ. 1 ಮಿಲಿ ನೀರು ಸುಮಾರು 1 ಗ್ರಾಂ. ತೂಕ 620 ಗ್ರಾಂನಿಂದ 470ಕ್ಕೆ ಇಳಿದರೆ 150 ಮಿಲಿ ಖಾಲಿಯಾಗಿದೆ, ಅಷ್ಟೇ. ಅದು ಹೊಟ್ಟೆಗೆ ಹೋಯಿತೋ ತುಳಸಿಕಟ್ಟೆಗೆ ಹೋಯಿತೋ ಬಾಟಲಿಗೆ ತಿಳಿಯದು. ಕುಡಿದು, ಕೆಳಗಿಡುವ ಮೊದಲೇ ಮತ್ತೆ ತುಂಬಿಸಿದರೆ ಕುಡಿದದ್ದು ಲೆಕ್ಕಕ್ಕೇ ಸಿಗದು. ಬ್ಯಾಗಿನಲ್ಲಿ ಅಲುಗಾಡುವಾಗ ಬರುವ ತೂಕವೂ ಸುಳ್ಳು; ಬಾಟಲಿ ನೆಟ್ಟಗೆ 2–3 ಸೆಕೆಂಡ್ ನಿಂತ ಮೇಲಿನ ತೂಕವನ್ನಷ್ಟೇ ಒಪ್ಪಿಕೊಳ್ಳಿ. ಹೀಗಾಗಿ ಪ್ರತಿ ದಾಖಲೆಯ ಪಕ್ಕ ‘ಕುಡಿದಿಲ್ಲ’ ಎಂಬ ಬಟನ್ ಇರಲೇಬೇಕು.

ಮುಖಪುಟದಲ್ಲಿ ಒಂದೇ ದೊಡ್ಡ ಸಂಖ್ಯೆ ಸಾಕು: ಇಂದು ಕುಡಿದದ್ದು. ಅದರ ಕೆಳಗೆ ‘ಬಾಟಲಿಯ ಲೆಕ್ಕ ಬಂದದ್ದು ಸಂಜೆ 4:10ಕ್ಕೆ’ ಎಂದು ಬರೆಯಿರಿ. ಬ್ಲೂಟೂತ್ ಸಂಪರ್ಕ ತಪ್ಪಿದಾಗ ಹಳೆಯ ಸಂಖ್ಯೆಯನ್ನು ಹೊಸದೆಂಬಂತೆ ತೋರಿಸುವುದೇ ಇಂಥ ಆ್ಯಪ್‌ಗಳ ದೊಡ್ಡ ದೋಷ. ಎಳನೀರು, ಮಜ್ಜಿಗೆ, ಗಂಜಿ ತಿಳಿ ಕೈಯಿಂದಲೇ ಸೇರಿಸಬೇಕಾದವು. ಒಂದು ಬೊಂಡದಲ್ಲಿ (ಎಳನೀರಿನ ಕಾಯಿಯಲ್ಲಿ) ಇರುವಷ್ಟು ಇನ್ನೊಂದರಲ್ಲಿ ಇರುವುದಿಲ್ಲ. 200, 300, 400 ಮಿಲಿ ಎಂದು ಆಯ್ಕೆ ಕೊಡಿ.

ಆ್ಯಪ್ ತೆರೆದ ಕೂಡಲೇ ಎಲ್ಲ ಅನುಮತಿ ಕೇಳಬೇಡಿ. ಆಂಡ್ರಾಯ್ಡ್ 12ರಿಂದೀಚೆಗೆ ಬಾಟಲಿ ಹುಡುಕಲು ‘ಹತ್ತಿರದ ಸಾಧನಗಳ’ ಅನುಮತಿ ಬೇಕು. ಹಳೆಯದರಲ್ಲಿ ಲೊಕೇಶನ್ ಕೇಳುತ್ತದೆ. ಏಕೆಂದು ಮೊದಲೇ ಒಂದು ಸಾಲಿನಲ್ಲಿ ಹೇಳಿ. ನೋಟಿಫಿಕೇಶನ್‌ಗೆ ಆಂಡ್ರಾಯ್ಡ್ 13ರಿಂದ ಬೇರೆಯೇ ಅನುಮತಿ. ಬಳಕೆದಾರರು ನೆನಪೋಲೆ (ನೀರು ಕುಡಿಯಲು ನೆನಪಿಸುವ ಸಂದೇಶ) ಹೊಂದಿಸುವಾಗ ಅದನ್ನು ಕೇಳಿ. ಎರಡು ಸಲ ಬೇಡವೆಂದರೆ ಫೋನ್ ಮತ್ತೆ ಕೇಳಲು ಬಿಡುವುದಿಲ್ಲ.

ಒತ್ತಕ್ಷರ ಕತ್ತರಿಸಿ ಹೋಗದಿರಲು ಸಾಲಿನ ಎತ್ತರ ಅಕ್ಷರದ ಅಳತೆಯ ಒಂದೂವರೆ ಪಟ್ಟು ಇರಲಿ. ‘ಸಂಪರ್ಕಿಸಲಾಗುತ್ತಿದೆ’ ಎಂಬ ಪದ ಹಿಡಿಸದ ಬಟನ್ ಕನ್ನಡಕ್ಕೆ ಆಗದು. ಬೆವರಿದ ಬೆರಳನ್ನು ಪರದೆ ತಪ್ಪಾಗಿ ಓದುತ್ತದೆ: ಬಟನ್ 48 ಡಿಪಿಗಿಂತ (ಆಂಡ್ರಾಯ್ಡ್‌ನಲ್ಲಿ ಪರದೆಯ ಅಳತೆಯ ಮಾನ) ಚಿಕ್ಕದಾಗದಿರಲಿ, ಎಳೆದು ಅಳಿಸುವ ವ್ಯವಸ್ಥೆ ಬೇಡ. ಬಿಳಿಯ ಮೇಲೆ ತಿಳಿನೀಲಿ ಅಕ್ಷರ ಮಲ್ಪೆಯ ಬಿಸಿಲಿನಲ್ಲಿ ಕಾಣಿಸುವುದೇ ಇಲ್ಲ. ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ಅನುಪಾತ (ಕಾಂಟ್ರಾಸ್ಟ್) ಕನಿಷ್ಠ 4.5:1 ಇರಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಗುರಿ. ಎಲ್ಲರಿಗೂ 3 ಲೀಟರ್ ಎಂದು ಹಾಕಬೇಡಿ. ಮೂತ್ರಪಿಂಡ, ಹೃದಯದ ಕಾಯಿಲೆಯ ಕೆಲವರಿಗೆ ವೈದ್ಯರು ನೀರಿಗೆ ಮಿತಿ ಹಾಕಿರುತ್ತಾರೆ. ಅವರಿಗೆ ‘ಇನ್ನೂ ಕುಡಿಯಿರಿ’ ಎನ್ನುವುದು ಅಪಾಯ. ‘ವೈದ್ಯರು ಹೇಳಿದ ಮಿತಿ’ ಎಂಬ ಆಯ್ಕೆ ಇಟ್ಟು, ಅದನ್ನು ಒತ್ತಿದರೆ ನೆನಪೋಲೆ, ಶಹಬ್ಬಾಸ್‌ಗಿರಿ ಎರಡೂ ನಿಂತು, ಉಳಿದ ಪ್ರಮಾಣ ಮಾತ್ರ ಕಾಣಲಿ.

ಕೊನೆಗೆ ಪರೀಕ್ಷೆ. ಮಂಗಳೂರಿನಲ್ಲಿ ಬ್ಲೂಟೂತ್ ಆಫ್ ಮಾಡಿ ಬಸ್ ಹತ್ತಿ, ದಾರಿಯಲ್ಲಿ ನೀರು ಕುಡಿದು ಗಂಟೆ ಬರೆದಿಟ್ಟುಕೊಳ್ಳಿ. ಉಡುಪಿಯಲ್ಲಿ ಆನ್ ಮಾಡಿದಾಗ ದಾಖಲೆಗಳು ಕುಡಿದ ಹೊತ್ತಿಗೇ ಸೇರಬೇಕು. ಎಲ್ಲವೂ ಇಳಿದ ಹೊತ್ತಿಗೇ ಬಂದು ಕೂತರೆ ಬಾಟಲಿ ಕುಡಿದ ಸಮಯವನ್ನು ದಾಖಲಿಸಿಡುತ್ತಿಲ್ಲ ಎಂದರ್ಥ. ಬಾಟಲಿಯ ಬ್ಯಾಟರಿ ಪೂರ್ತಿ ಖಾಲಿ ಮಾಡಿಯೂ ನೋಡಿ: ಗಡಿಯಾರ ಹಿಂದಕ್ಕೆ ಹೋಗಿದ್ದರೆ, ಸಂಪರ್ಕವಾದಾಗಲೆಲ್ಲ ಫೋನಿನ ಸಮಯವನ್ನು ಅದಕ್ಕೆ ಕಳಿಸುವಂತೆ ಮಾಡಿ.