ತೋಟದ ದಾರಿಯ ನಿಧಾನ ಸವಾರಿಗೆ ಎಕ್ಸ್‌ಪಲ್ಸ್ ಬೈಕನ್ನು ಹದಗೊಳಿಸುವ ಬಗೆ

ಹೀರೊ ಕಂಪನಿಯ ಎಕ್ಸ್‌ಪಲ್ಸ್ 200 ಬೈಕು 2019ರ ಮೇ ತಿಂಗಳಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಕಾರ್ಬ್ಯುರೇಟರ್ ಮಾದರಿಯ ಷೋರೂಂ ಬೆಲೆ 97,000 ರೂಪಾಯಿ ಇತ್ತು. ನಂಬರ್ ಪ್ಲೇಟು, ಇಂಡಿಕೇಟರುಗಳೊಂದಿಗೆ ರಸ್ತೆಯಲ್ಲಿ ಓಡಬಲ್ಲ, 21 ಇಂಚಿನ ಮುಂದಿನ ಚಕ್ರ ಮತ್ತು 18 ಇಂಚಿನ ಹಿಂದಿನ ಚಕ್ರವಿರುವ ಮಣ್ಣುದಾರಿಯ ಬೈಕು ಅಷ್ಟು ಕಡಿಮೆ ಬೆಲೆಗೆ ಸಿಕ್ಕಿದ್ದರಿಂದ ಸಕಲೇಶಪುರ, ಮೂಡಿಗೆರೆ, ಮಡಿಕೇರಿಗಳ ಸುತ್ತಲಿನ ಕಾಫಿ ತೋಟದ ದಾರಿಗಳಲ್ಲಿ ಅದನ್ನು ಕಾಣುವುದು ಸಾಮಾನ್ಯವಾಯಿತು. ಆದರೆ ಕಲ್ಲು, ಬೇರು, ಕೆಸರು ತುಂಬಿದ ದಾರಿಯಲ್ಲಿ ಗಂಟೆಗೆ ಎಂಟರಿಂದ ಹದಿನೈದು ಕಿಲೋಮೀಟರ್ ವೇಗದಲ್ಲಿ ಹೋಗಬೇಕಾದಾಗ ಈ ಬೈಕು ತುಸು ಹಟಮಾರಿಯಾಗುತ್ತದೆ: ಥ್ರಾಟಲ್ ಸ್ವಲ್ಪ ತಿರುವಿದರೆ ಜಗ್ಗುತ್ತದೆ, ಬಿಟ್ಟರೆ ಮುಗ್ಗರಿಸುತ್ತದೆ, ಏರಿನ ತಿರುವಿನಲ್ಲಿ ಒಮ್ಮೊಮ್ಮೆ ಆಫ್ ಆಗಿಬಿಡುತ್ತದೆ. ನಾಲ್ಕು ವಾಲ್ವಿನ (4ವಿ) ಮಾದರಿಯ ಗರಿಷ್ಠ ಟಾರ್ಕ್, ಅಂದರೆ ತಿರುಗಿಸುವ ಬಲ, ಆದ 17.35 ನ್ಯೂಟನ್ ಮೀಟರ್ ಸಿಗುವುದು 6,500 ಆರ್‌ಪಿಎಂನಲ್ಲಿ. ನಡಿಗೆಯ ವೇಗದಲ್ಲಿ ಎಂಜಿನ್ ಅದರ ಕಾಲು ಭಾಗಕ್ಕಿಂತ ತುಸು ಮೇಲೆ ತಿರುಗುತ್ತಿರುತ್ತದೆ.

ಇದನ್ನು ಕಂಡವರು ಸಾಮಾನ್ಯವಾಗಿ ಶಕ್ತಿ ಸಾಲದು ಎಂದು ಭಾವಿಸಿ ಸೈಲೆನ್ಸರ್, ಏರ್ ಫಿಲ್ಟರ್, ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಮ್ಯಾಪ್‌ಗಳ ಹಿಂದೆ ಬೀಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಿಧಾನ ಸವಾರಿಯಲ್ಲಿ ಕೊರತೆಯಾಗುವುದು ಶಕ್ತಿಯಲ್ಲ. ಬಲಗೈಯಿಂದ ಹಿಂದಿನ ಚಕ್ರದವರೆಗಿನ ಸಂಪರ್ಕದಲ್ಲಿರುವ ಸಡಿಲವೇ ಮುಖ್ಯ ತೊಂದರೆ. ಆದ್ದರಿಂದ ಈ ಕೆಲಸವನ್ನು ಹಣ ಬೇಡದ ಕಡೆಯಿಂದಲೇ ಆರಂಭಿಸಬೇಕು.

ಮೊದಲು ಸಡಿಲ ತೆಗೆಯುವುದು

ಥ್ರಾಟಲ್ ಹಿಡಿಯನ್ನು ಮೆಲ್ಲಗೆ ತಿರುಗಿಸಿ, ಕೇಬಲ್ ಎಳೆತಕ್ಕೆ ಸಿಗುವ ಮೊದಲು ಅದು ಎಷ್ಟು ಸುಮ್ಮನೆ ತಿರುಗುತ್ತದೆ ಎಂಬುದನ್ನು ಹಿಡಿಯ ಅಂಚಿನಲ್ಲಿ ಅಳೆಯಿರಿ. ಎರಡರಿಂದ ನಾಲ್ಕು ಮಿಲಿಮೀಟರಿನಷ್ಟು ಆಟ ಸಾಕು. ಅದಕ್ಕಿಂತ ಹೆಚ್ಚಿದ್ದರೆ ಗುಂಡಿ ಹಾರಿದಾಗಲೆಲ್ಲ ಕೈ ಆ ಸಡಿಲವನ್ನು ದಾಟಿ ಒಮ್ಮೆಲೇ ಥ್ರಾಟಲ್ ತೆರೆಯುತ್ತದೆ, ಬೈಕು ನೆಗೆಯುತ್ತದೆ. ಕೇಬಲ್ಲಿನ ಲಾಕ್ ನಟ್ ಸಡಿಲಿಸಿ ಅಡ್ಜಸ್ಟರ್ ತಿರುಗಿಸಿದರೆ ಇದು ಸರಿಹೋಗುತ್ತದೆ. ಬಳಿಕ ಎಂಜಿನ್ ಚಾಲೂ ಇಟ್ಟು ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಬೇಕು. ಆಗ ಎಂಜಿನ್ನಿನ ಸದ್ದು ಏರಿದರೆ ಕೇಬಲ್ ಅತಿ ಬಿಗಿಯಾಗಿದೆ ಅಥವಾ ಎಲ್ಲೋ ಸಿಕ್ಕಿಕೊಂಡಿದೆ ಎಂದರ್ಥ, ಹಾಗೆಯೇ ಓಡಿಸುವುದು ಅಪಾಯ.

ಚೈನಿನ ವಿಷಯದಲ್ಲಿ ಹೆಚ್ಚಿನವರು ಎರಡು ತುದಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಸಡಿಲ ಚೈನು ಥ್ರಾಟಲ್ ತೆರೆದಾಗ ಮತ್ತು ಮುಚ್ಚಿದಾಗ ಛಟ್ ಎಂದು ಹೊಡೆದು ಜಗ್ಗುತ್ತದೆ. ಅತಿ ಬಿಗಿ ಮಾಡಿದರೆ ಹಿಂದಿನ ಸಸ್ಪೆನ್ಷನ್ ಕುಗ್ಗಿದಾಗ ಚೈನು ಕಂಬಿಯಂತೆ ಬಿಗಿದು ಗೇರ್‌ಬಾಕ್ಸಿನ ಹೊರದಂಡದ ಬೇರಿಂಗಿಗೆ ಪೆಟ್ಟು ಕೊಡುತ್ತದೆ. ಹಿಂದಿನ ಚಕ್ರವನ್ನು ಹಿಡಿದಿರುವ ತೋಳಾದ ಸ್ವಿಂಗ್ ಆರ್ಮಿನ ಮೇಲಿನ ಸ್ಟಿಕ್ಕರಿನಲ್ಲಿ ಅಥವಾ ಮಾಲೀಕರ ಕೈಪಿಡಿಯಲ್ಲಿ ಇರುವ ಅಳತೆಯೇ ಮೊದಲ ಪ್ರಮಾಣ. ಅದರ ಜೊತೆಗೆ ಇನ್ನೊಂದು ಪರೀಕ್ಷೆಯನ್ನೂ ಮಾಡಬಹುದು: ಒಬ್ಬಿಬ್ಬರು ಸೀಟಿನ ಮೇಲೆ ಭಾರ ಹಾಕಿ ಹಿಂಬದಿಯನ್ನು ಕುಗ್ಗಿಸಿದಾಗ ಮುಂದಿನ ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ), ಸ್ವಿಂಗ್ ಆರ್ಮಿನ ತಿರುಗುಬೋಲ್ಟು, ಹಿಂದಿನ ಆಕ್ಸಲ್ ಈ ಮೂರೂ ಒಂದೇ ಗೆರೆಗೆ ಬರುವ ಹಂತವೊಂದಿದೆ, ಚೈನು ಅತ್ಯಂತ ಬಿಗಿಯಾಗುವುದು ಅಲ್ಲಿಯೇ, ಮತ್ತು ಅಲ್ಲಿಯೂ ಬೆರಳಿನಲ್ಲಿ ಒತ್ತಿದರೆ ತುಸು ಅಲುಗುವಷ್ಟು ಅದು ಸಡಿಲವಿರಬೇಕು.

ಹಿಂದಿನ ಚಕ್ರಕ್ಕೂ ಸ್ಪ್ರಾಕೆಟ್ಟಿಗೂ ನಡುವೆ ಮೆತ್ತೆಯಂತಿರುವ ಹಬ್ ರಬ್ಬರುಗಳನ್ನು ಬಹಳ ಜನ ಮರೆಯುತ್ತಾರೆ. ಚಕ್ರವನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು ಹಿಂದಿನ ಸ್ಪ್ರಾಕೆಟ್ಟನ್ನು ಮುಂದಕ್ಕೆ ಹಿಂದಕ್ಕೆ ಅಲುಗಿಸಿ ನೋಡಿ. ಅದು ಸಲೀಸಾಗಿ ಅಲ್ಲಾಡಿದರೆ ರಬ್ಬರುಗಳು ಸವೆದಿವೆ. ಹೊಸ ಸೆಟ್ಟಿಗೆ ಆಗುವ ಖರ್ಚು ಸಣ್ಣದು, ನಿಧಾನಗತಿಯಲ್ಲಿ ಅದರಿಂದಾಗುವ ವ್ಯತ್ಯಾಸ ದೊಡ್ಡದು.

ಕ್ಲಚ್ ಕೇಬಲ್ಲನ್ನು ಬಿಚ್ಚಿ ಒಳಗೆ ಎಣ್ಣೆ ಇಳಿಸಿ, ಲಿವರಿನ ತುದಿಯಲ್ಲಿ ಹತ್ತರಿಂದ ಇಪ್ಪತ್ತು ಮಿಲಿಮೀಟರ್ ಆಟ ಇಡಿ. ಲಿವರನ್ನು ಎರಡು ಬೆರಳಲ್ಲಿ ಆರಾಮವಾಗಿ ಎಳೆಯಲು ಬರುವಂತೆ ಒಳಕ್ಕೆ ಸರಿಸಿಕೊಳ್ಳುವುದು ಒಳ್ಳೆಯದು. ಉಳಿದ ಬೆರಳುಗಳು ಹ್ಯಾಂಡಲ್ ಹಿಡಿಯಲು ಬೇಕು. ಐಡಲಿಂಗ್ ವೇಗವನ್ನು ಕಾರ್ಬ್ಯುರೇಟರ್ ಗಾಡಿಯಲ್ಲಿ ಸ್ಕ್ರೂ ತಿರುಗಿಸಿ ತುಸು ಏರಿಸಬಹುದು. ಇಂಜೆಕ್ಷನ್ ಗಾಡಿಯಲ್ಲಿ ಅದನ್ನು ಇಸಿಯು ನೋಡಿಕೊಳ್ಳುವುದರಿಂದ ಥ್ರಾಟಲ್ ಬಾಡಿಯ ಸ್ಟಾಪ್ ಸ್ಕ್ರೂ ಮುಟ್ಟದೆ, ಥ್ರಾಟಲ್ ಬಾಡಿಯನ್ನು ಸ್ವಚ್ಛಗೊಳಿಸಿ ಹೊಸ ಸ್ಪಾರ್ಕ್ ಪ್ಲಗ್ ಹಾಕುವುದೇ ಸರಿಯಾದ ದಾರಿ. ಇಂಜೆಕ್ಷನ್ ಎಂಜಿನ್ನುಗಳು ಥ್ರಾಟಲ್ ಪೂರ್ತಿ ಮುಚ್ಚಿದಾಗ ಪೆಟ್ರೋಲ್ ಕಡಿತಗೊಳಿಸಿ, ಮತ್ತೆ ತೆರೆದಾಗ ಒಮ್ಮೆಲೇ ಕೊಡುತ್ತವೆ. ಆ ಜಗ್ಗಾಟವನ್ನು ಪೂರ್ತಿ ನಿವಾರಿಸಲಾಗದು. ಇಳಿಜಾರಿನಲ್ಲಿಯೂ ಥ್ರಾಟಲನ್ನು ಎಳ್ಳಷ್ಟು ತೆರೆದಿಟ್ಟು ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತುತ್ತ ಸಾಗಿದರೆ ಅದು ಬಹುಪಾಲು ಮರೆಯಾಗುತ್ತದೆ.

ಸ್ಪ್ರಾಕೆಟ್ ಬದಲಾವಣೆ

ಹಣ ಕೊಟ್ಟು ಒಂದೇ ಒಂದು ಭಾಗ ಬದಲಿಸುವುದಾದರೆ ಅದು ಮುಂದಿನ ಸ್ಪ್ರಾಕೆಟ್ ಆಗಲಿ. ಮಾದರಿಗೂ ವರ್ಷಕ್ಕೂ ತಕ್ಕಂತೆ ಹಲ್ಲುಗಳ ಸಂಖ್ಯೆ ಬೇರೆಯಾಗಬಹುದಾದ್ದರಿಂದ ಅಂಗಡಿಗೆ ಹೋಗುವ ಮುನ್ನ ನಿಮ್ಮ ಗಾಡಿಯದನ್ನು ಎಣಿಸಿಕೊಳ್ಳಿ. ಉದಾಹರಣೆಗೆ ಮುಂದೆ 13, ಹಿಂದೆ 40 ಹಲ್ಲುಗಳಿದ್ದರೆ ಅನುಪಾತ 3.08, ಮುಂದಿನದನ್ನು 12ಕ್ಕೆ ಇಳಿಸಿದರೆ 3.33. ಅಂದರೆ ಅದೇ ಎಂಜಿನ್ ವೇಗದಲ್ಲಿ ಬೈಕು ಶೇಕಡ 7.7ರಷ್ಟು ನಿಧಾನವಾಗಿ ಚಲಿಸುತ್ತದೆ, ಹಿಂದಿನ ಚಕ್ರಕ್ಕೆ ತಲುಪುವ ಎಳೆತ ಶೇಕಡ 8.3ರಷ್ಟು ಹೆಚ್ಚುತ್ತದೆ. ಮೊದಲ ಗೇರಿನಲ್ಲಿ ಕ್ಲಚ್ಚನ್ನು ಅರ್ಧ ಹಿಡಿದೇ ದಾಟಬೇಕಾಗಿದ್ದ ಎಷ್ಟೋ ಜಾಗಗಳನ್ನು ಈಗ ಕ್ಲಚ್ ಪೂರ್ತಿ ಬಿಟ್ಟು ದಾಟಬಹುದು. ಮೊದಲನೆಯ ಗೇರಿಗೂ ಎರಡನೆಯದಕ್ಕೂ ನಡುವೆ ತೊಳಲಾಡುತ್ತಿದ್ದ ಏರುಗಳು ಎರಡನೆಯ ಗೇರಿಗೆ ಒಗ್ಗುತ್ತವೆ.

ಇದರ ಬೆಲೆ ತೆರುವುದು ಹೆದ್ದಾರಿಯಲ್ಲಿ. ಗಂಟೆಗೆ 60 ಕಿಲೋಮೀಟರ್ ಹೋಗುತ್ತಿದ್ದ ಎಂಜಿನ್ ವೇಗಕ್ಕೆ ಈಗ 55 ಮಾತ್ರ ಸಿಗುವುದರಿಂದ, ಬೆಂಗಳೂರಿನಿಂದ ಹಾಸನದ ದಾರಿ ಹಿಡಿದು ಬರುವವರಿಗೆ ಎಂಜಿನ್ನಿನ ಗುಯ್‌ಗುಟ್ಟುವಿಕೆ ಬೇಸರ ತರಿಸಬಹುದು. ಮುಂದಿನ ಸ್ಪ್ರಾಕೆಟ್ ಚಿಕ್ಕದಾದಷ್ಟೂ ಚೈನು ಹೆಚ್ಚು ಬಾಗುತ್ತದೆ, ಸ್ವಿಂಗ್ ಆರ್ಮಿನ ಮೇಲಿನ ರಬ್ಬರ್ ಪಟ್ಟಿ ಬೇಗ ಸವೆಯುತ್ತದೆ. ಅದನ್ನು ಆಗಾಗ ನೋಡುತ್ತಿರಬೇಕು. ಹಿಂದಿನ ಸ್ಪ್ರಾಕೆಟ್ಟನ್ನು ಮೂರು ಹಲ್ಲು ದೊಡ್ಡದು ಮಾಡಿದರೂ ಹೆಚ್ಚುಕಡಿಮೆ ಇದೇ ಫಲ ಸಿಗುತ್ತದೆ ಮತ್ತು ಚೈನಿಗೆ ಅದೇ ಹಿತ, ಆದರೆ ಆಗ ಉದ್ದದ ಚೈನು ಬೇಕಾಗಬಹುದು, ಖರ್ಚೂ ಹೆಚ್ಚು. ಬದಲಿಸುವಾಗ ಚಕ್ರ ನೆಲದ ಮೇಲಿರುವಾಗಲೇ, ಇನ್ನೊಬ್ಬರಿಂದ ಹಿಂದಿನ ಬ್ರೇಕ್ ಒತ್ತಿಸಿಕೊಂಡು ಮುಂದಿನ ಸ್ಪ್ರಾಕೆಟ್ಟಿನ ಬೋಲ್ಟುಗಳನ್ನು ಸಡಿಲಿಸಿ. ಆಕ್ಸಲ್ ನಟ್ಟನ್ನು ಬಿಚ್ಚುವುದು ಆಮೇಲೆ. ಸವೆದ ಚೈನಿಗೆ ಹೊಸ ಸ್ಪ್ರಾಕೆಟ್ ಹಾಕಿದರೆ ಎರಡೂ ಬೇಗ ಹಾಳಾಗುತ್ತವೆ.

ಗಾಳಿ ಮತ್ತು ಟೈರು

ಕಂಪನಿ ಹೇಳುವ ಗಾಳಿಯ ಪ್ರಮಾಣ ಡಾಂಬರು ರಸ್ತೆಗೆ. ಮಣ್ಣುದಾರಿಗೆ ಇಳಿಯುವ ಮುನ್ನ ಮುಂದೆ 18ರಿಂದ 20, ಹಿಂದೆ 20ರಿಂದ 22 ಪಿಎಸ್ಐಗೆ ಇಳಿಸಿದರೆ ಟೈರು ಬೇರು ಕಲ್ಲುಗಳ ಮೇಲೆ ಪುಟಿಯುವ ಬದಲು ಅವುಗಳನ್ನು ಅಪ್ಪಿಕೊಂಡು ಸಾಗುತ್ತದೆ. ಎಕ್ಸ್‌ಪಲ್ಸಿನದು ಟ್ಯೂಬ್ ಇರುವ ಕಡ್ಡಿಚಕ್ರ. ಇದಕ್ಕಿಂತ ಕೆಳಗಿಳಿಸಿದರೆ ಚೂಪಾದ ಕಲ್ಲಿಗೆ ರಿಮ್ಮು ಬಡಿದು ಟ್ಯೂಬು ನಡುವೆ ಸಿಕ್ಕಿ, ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತವೆ. ಭಾರದ ಸವಾರರು ಎರಡು ಪಿಎಸ್ಐ ಹೆಚ್ಚೇ ಇಡಲಿ. ಕಡಿಮೆ ಗಾಳಿಯಲ್ಲಿ ಟೈರು ರಿಮ್ಮಿನ ಮೇಲೆ ನಿಧಾನವಾಗಿ ಜಾರುತ್ತದೆ, ಅದರೊಂದಿಗೆ ಟ್ಯೂಬೂ ಜಾರಿ ವಾಲ್ವು ಓರೆಯಾಗುತ್ತದೆ. ಆದ್ದರಿಂದ ವಾಲ್ವಿನ ಕೆಳಗಿನ ನಟ್ಟನ್ನು ರಿಮ್ಮಿಗೆ ಬಿಗಿಯದೆ ವಾಲ್ವಿನ ಮುಚ್ಚಳದ ಕಡೆಗೆ ಸರಿಸಿಟ್ಟರೆ ಓರೆಯಾಗಿದ್ದು ಕಣ್ಣಿಗೆ ಬೀಳುತ್ತದೆ, ಬುಡ ಹರಿಯುವ ಮೊದಲೇ ಸರಿಪಡಿಸಬಹುದು. ಮಳೆಗಾಲದ ಕೆಂಪು ಜೇಡಿಗೆ ಗಂಟುಗಂಟಾದ ಟೈರುಗಳೇ ಬೇಕು. ಡಾಂಬರಿಗೆ ಮರಳುವ ಮುನ್ನ ಗಾಳಿ ತುಂಬಿಸಿಕೊಳ್ಳಲು ಚಿಕ್ಕ ಪಂಪು ಜೊತೆಗಿರಲಿ, ತೋಟದೊಳಗೆ ಪಂಕ್ಚರ್ ಅಂಗಡಿ ಇರುವುದಿಲ್ಲ.

ಎತ್ತರ ಹೆಚ್ಚಿಸುವ ಆಸೆಯ ಬಗ್ಗೆ

ಸಾಮಾನ್ಯ ಎಕ್ಸ್‌ಪಲ್ಸ್ 200 4ವಿ ಮಾದರಿಯ ಸೀಟಿನ ಎತ್ತರ 825 ಮಿಲಿಮೀಟರ್. ಸಸ್ಪೆನ್ಷನ್ ಮುಂದೆ 190, ಹಿಂದೆ 170 ಮಿಲಿಮೀಟರ್ ಆಡುತ್ತದೆ. 2023ರಲ್ಲಿ ಬಂದ ಪ್ರೊ ಮಾದರಿಯಲ್ಲಿ ಇವು ಕ್ರಮವಾಗಿ 891, 250 ಮತ್ತು 220 ಮಿಲಿಮೀಟರ್. ಈ ಅಂಕಿಗಳನ್ನು ನೋಡಿ ಉದ್ದನೆಯ ಸಸ್ಪೆನ್ಷನ್ ಹಾಕಿಸಿಕೊಳ್ಳಬೇಕೆನಿಸುವುದು ಸಹಜ. ಆದರೆ ಆ ಉದ್ದ ಇರುವುದು ವೇಗದಲ್ಲಿ ಹಾರಿ ಇಳಿಯುವ ರ‍್ಯಾಲಿ ಸವಾರರಿಗಾಗಿ. ನಡಿಗೆಯ ವೇಗದಲ್ಲಿ ಓರೆ ಇಳಿಜಾರಿನಲ್ಲಿ ಬೈಕು ವಾಲಿದಾಗ ಪಾದ ನೆಲಕ್ಕೆ ಎಟಕುವುದೇ ನಿಮ್ಮನ್ನು ಕಾಪಾಡುವುದು. 66 ಮಿಲಿಮೀಟರ್ ಎತ್ತರ ಹೆಚ್ಚಾದರೆ ಮಧ್ಯಮ ಎತ್ತರದ ಸವಾರನಿಗೆ ಆ ಆಧಾರ ತಪ್ಪಿಹೋಗುತ್ತದೆ. ಆರಡಿ ದಾಟಿದವರು ಈ ಮಾತನ್ನು ಬಿಟ್ಟುಬಿಡಬಹುದು.

ಇರುವ ಸಸ್ಪೆನ್ಷನ್ನನ್ನೇ ನಿಮ್ಮ ತೂಕಕ್ಕೆ ಹೊಂದಿಸಿಕೊಳ್ಳಿ. ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಿ ಆಕ್ಸಲ್ಲಿನಿಂದ ಅದರ ನೇರ ಮೇಲಿರುವ ಒಂದು ಗುರುತಿನವರೆಗೆ ಅಳೆಯಿರಿ. ಅನಂತರ ಹೆಲ್ಮೆಟ್ಟು, ಬೂಟು, ಬೆನ್ನಚೀಲ ಸಮೇತ ಕುಳಿತು ಇನ್ನೊಬ್ಬರಿಂದ ಮತ್ತೆ ಅಳೆಯಿಸಿ. ಎರಡರ ವ್ಯತ್ಯಾಸ ಒಟ್ಟು ಆಟದ ಮೂರನೆಯ ಒಂದು ಭಾಗದ ಆಸುಪಾಸು, ಅಂದರೆ 50ರಿಂದ 56 ಮಿಲಿಮೀಟರ್ ಇರಬೇಕು. ಹಿಂದಿನ ಶಾಕ್ ಅಬ್ಸಾರ್ಬರಿನಲ್ಲಿರುವ ಹತ್ತು ಹಂತಗಳ ಪ್ರೀಲೋಡ್ (ಸ್ಪ್ರಿಂಗಿನ ಆರಂಭಿಕ ಒತ್ತಡ) ಉಂಗುರವನ್ನು ತಿರುಗಿಸಿ ಇದನ್ನು ಸಾಧಿಸಬಹುದು. ಮುಂದಿನ ಫೋರ್ಕಿನಲ್ಲಿ ಹೊಂದಿಸಲು ಏನೂ ಇಲ್ಲವಾದರೂ, ಹಳೆಯ ಎಣ್ಣೆ ತೆಗೆದು ಕೈಪಿಡಿಯ ಪ್ರಕಾರದ ಪ್ರಮಾಣಕ್ಕೆ ಹೊಸದು ತುಂಬಿಸಿದರೆ ಸಣ್ಣ ಕಲ್ಲುಗಳ ಮೇಲಿನ ನಡುಕ ಕಡಿಮೆಯಾಗುತ್ತದೆ.

ನಿಂತು ಓಡಿಸಲು

ನಿಧಾನ ದಾರಿಯಲ್ಲಿ ಹೆಚ್ಚಿನ ಹೊತ್ತು ಫುಟ್‌ಪೆಗ್ ಮೇಲೆ ನಿಂತೇ ಇರುವುದರಿಂದ, ಹ್ಯಾಂಡಲ್ ತಗ್ಗಾಗಿದ್ದರೆ ಸೊಂಟ ಬಾಗಿ ಭಾರವೆಲ್ಲ ಕೈಗೆ ಬೀಳುತ್ತದೆ, ಆ ಭಾರದಿಂದಲೇ ಥ್ರಾಟಲ್ ಅಲುಗುತ್ತದೆ. ಹ್ಯಾಂಡಲನ್ನು ಎತ್ತರಿಸುವ, ಇಪ್ಪತ್ತರಿಂದ ಮೂವತ್ತು ಮಿಲಿಮೀಟರಿನ ರೈಸರ್ ಹಾಕಿದರೆ ಸಾಕು. ಅದಕ್ಕಿಂತ ಎತ್ತರಿಸಿದರೆ ಕೇಬಲ್ಲು ಮತ್ತು ಬ್ರೇಕಿನ ಕೊಳವೆಗಳು ಎಳೆದುಕೊಳ್ಳುತ್ತವೆ. ಲಿವರುಗಳನ್ನು ನಿಂತಾಗ ಮಣಿಕಟ್ಟು ನೇರವಾಗಿರುವಷ್ಟು ಕೆಳಕ್ಕೆ ಬಾಗಿಸಿ, ಅವುಗಳ ಕ್ಲಾಂಪನ್ನು ಬಿದ್ದಾಗ ಮುರಿಯುವ ಬದಲು ತಿರುಗುವಷ್ಟು ಮಾತ್ರ ಬಿಗಿ ಮಾಡಿ. ಅಗಲವಾದ ಹಲ್ಲಿನ ಫುಟ್‌ಪೆಗ್ಗುಗಳು, ಕೈ ಕಾಯುವ ಗಾರ್ಡುಗಳು, ಎಂಜಿನ್ನಿನ ಕೆಳಗೆ ಗಟ್ಟಿಯಾದ ಬ್ಯಾಷ್ ಪ್ಲೇಟು ಇಷ್ಟೂ ಉಪಯುಕ್ತ.

ನಿಧಾನಕ್ಕೆ ಹೋಗುವಾಗ ಗಾಳಿ ಸಾಲದೆ ಈ ಎಂಜಿನ್ ಬೇಗ ಕಾಯುತ್ತದೆ. ಇದರಲ್ಲಿ ಫ್ಯಾನ್ ಇಲ್ಲ, 4ವಿಯಲ್ಲಿ ಏಳು ಪಟ್ಟಿಗಳ ಆಯಿಲ್ ಕೂಲರ್ ಇದೆ ಅಷ್ಟೇ. ಅದಕ್ಕೆ ಮೆತ್ತಿದ ಕೆಸರನ್ನು ಒಣಗುವ ಮುನ್ನ ತೊಳೆಯಿರಿ. ಎಂಜಿನ್ ಆಯಿಲ್ ಡಬ್ಬಿಯ ಮೇಲೆ ಬೈಕಿನ ಆಯಿಲ್ಲಿನ ಗುಣಮಟ್ಟದ ಗುರುತಾದ ಜಾಸೊ ಎಂಎ ಅಥವಾ ಎಂಎ2 ಎಂದಿರಲಿ, ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು.

ಮುಟ್ಟಬಾರದ ಭಾಗಗಳು

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಇದನ್ನು ಕಟ್ಟುನಿಟ್ಟಾಗಿಯೇ ಅರ್ಥೈಸಿದೆ. ಸೈಲೆನ್ಸರ್, ಕನ್ನಡಿ, ಇಂಡಿಕೇಟರ್, ನಂಬರ್ ಪ್ಲೇಟುಗಳು ಕಂಪನಿ ಕೊಟ್ಟಂತೆಯೇ ಇರಲಿ, ತೆಗೆದ ಮೂಲ ಭಾಗಗಳನ್ನು ಜೋಪಾನವಾಗಿಡಿ. ಜೋರು ಸದ್ದಿನ ಸೈಲೆನ್ಸರಿನಿಂದ ನಿಧಾನಗತಿಗೆ ಒಂದಿಷ್ಟೂ ಲಾಭವಿಲ್ಲ. ತೋಟದ ಮಾಲೀಕರು ಮುಂದಿನ ಸಲ ಗೇಟು ತೆರೆಯದಿರಲು ಅದೊಂದೇ ಸಾಕು. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಬೈಕು ಒಯ್ಯುವುದು ಅಪರಾಧ, ಖಾಸಗಿ ತೋಟಕ್ಕೆ ಮಾಲೀಕರ ಒಪ್ಪಿಗೆ ಬೇಕು.

ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ, ಆದ್ದರಿಂದ ಒಂದೊಂದೇ ಕೆಲಸ ಮಾಡಿ ಅದೇ ಜಾಗದಲ್ಲಿ ಪರೀಕ್ಷಿಸಿ. ಸಮತಟ್ಟಾದ ಮಣ್ಣಿನ ಬಯಲಿನಲ್ಲಿ ಮೊದಲ ಗೇರ್ ಹಾಕಿ, ಕ್ಲಚ್ ಪೂರ್ತಿ ಬಿಟ್ಟು, ಥ್ರಾಟಲ್ ಮುಟ್ಟದೆ ಬೈಕು ನಡುಗದೆ ಸಾಗುತ್ತದೆಯೇ ನೋಡಿ. ಬಳಿಕ ಎರಡು ಕಲ್ಲುಗಳನ್ನಿಟ್ಟು ಅವುಗಳ ಸುತ್ತ ಎಂಟರ ಆಕಾರದಲ್ಲಿ, ಕಾಲು ಕೆಳಗಿಡದೆ, ಸುತ್ತು ಚಿಕ್ಕದಾಗಿಸುತ್ತ ತಿರುಗಿ. ಮೊದಲ ಸವಾರಿ ಮುಗಿದ ಮೇಲೆ ಮುಂದಿನ ಸ್ಪ್ರಾಕೆಟ್ಟಿನ ಬೋಲ್ಟು, ಆಕ್ಸಲ್ ನಟ್ಟು, ರೈಸರಿನ ಕ್ಲಾಂಪುಗಳನ್ನು ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ನೋಡಿ, ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ತಟ್ಟಿ ಮಂಕಾಗಿ ಸದ್ದು ಮಾಡಿದವನ್ನು ಬಿಗಿ ಮಾಡಿಸಿ.