ಹಾಸಿಗೆ ಪಕ್ಕದ ಸಿಡಿ ಗಡಿಯಾರ: ಹಾಡು ಕೇಳುತ್ತ ಏಳುವುದು ಹೇಗೆ?

ಅಕ್ಕ ನ್ಯೂಜೆರ್ಸಿಯಿಂದ ಬರುವಾಗ ಸೀರೆಗಳ ನಡುವೆ ಜೋಪಾನವಾಗಿ ಸುತ್ತಿ ಒಂದು ಗಡಿಯಾರ ತಂದಿದ್ದಳು. ಗಡಿಯಾರ, ರೇಡಿಯೊ, ಸಿಡಿ ಪ್ಲೇಯರ್ ಮೂರೂ ಒಂದೇ ಡಬ್ಬಿಯಲ್ಲಿ. ಅಪ್ಪನಿಗೆ ಕಣ್ಣು ಬಿಡುತ್ತಲೇ ಸಂಗೀತ ಕೇಳಬೇಕು. ಅದಕ್ಕೆಂದೇ ತಂದದ್ದು. ಪೇಟೆಯಿಂದ 110 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಕೊಂಡು ತಂದು ಜೋಡಿಸಿದೆವು. ರಾತ್ರಿ ಒಂಬತ್ತೂವರೆಗೆ ಸಮಯ ಸರಿಮಾಡಿ, ಬೆಳಗಿನ ಐದೂವರೆಗೆ ಅಲಾರಂ ಇಟ್ಟು ಮಲಗಿದೆವು. ಸಿಡಿ ಹಾಡಿತು. ಗಡಿಯಾರದ ಮೇಲೆ 5:30 ಎಂದೇ ಇತ್ತು. ಆದರೆ ಕಿಟಕಿಯಿಂದ ಬಿಸಿಲು ಕೋಣೆಯೊಳಗೆ ಬಂದಿತ್ತು. ಕೈಗಡಿಯಾರ ನೋಡಿದರೆ 7 ಗಂಟೆ 6 ನಿಮಿಷ. ಅಪ್ಪನ ಕಣ್ಣಿನ ತಪಾಸಣೆಗೆ ಹೊರಡಬೇಕಿದ್ದ ಆರೂವರೆಯ ಬಸ್ಸು ಹೋಗಿಯಾಗಿತ್ತು.

ಗಡಿಯಾರ ಕೆಟ್ಟಿರಲಿಲ್ಲ. ಅದಕ್ಕೆ ನಮ್ಮೂರಿನ ಕರೆಂಟಿನ ಲೆಕ್ಕ ಗೊತ್ತಿರಲಿಲ್ಲ, ನಮಗೆ ಅದರ ಲೆಕ್ಕ ಗೊತ್ತಿರಲಿಲ್ಲ. ನಿಮ್ಮ ಮನೆಯ ಕಪಾಟಿನಲ್ಲೂ ಇಂಥದೊಂದು ಸುಮ್ಮನೆ ಕೂತಿದ್ದರೆ ಹೊರಗೆ ತೆಗೆಯಿರಿ. ಮೊಬೈಲನ್ನು ದಿಂಬಿನ ಪಕ್ಕ ಇಟ್ಟುಕೊಳ್ಳದೆ, ಬೇಕಾದ ಹಾಡಿಗೆ ಬೇಕಾದ ಹೊತ್ತಿಗೆ ಏಳಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ.

ಪ್ಲಗ್ ಹಾಕುವ ಮೊದಲು ಬೆನ್ನು ಓದಿ

ಸೆಟ್ಟಿನ ಹಿಂಭಾಗದಲ್ಲೋ ಅಡಿಯಲ್ಲೋ ಒಂದು ಪಟ್ಟಿ ಅಂಟಿಸಿರುತ್ತಾರೆ. ಅದರಲ್ಲಿ ಎರಡು ಸಂಖ್ಯೆ ಹುಡುಕಿ: ವೋಲ್ಟ್ ಮತ್ತು ಹರ್ಟ್ಜ್ (ಕರೆಂಟಿನ ಅಲೆ ಸೆಕೆಂಡಿಗೆ ಎಷ್ಟು ಬಾರಿ ಬರುತ್ತದೆಂಬ ಎಣಿಕೆ). 100ರಿಂದ 240 ವೋಲ್ಟ್, 50/60 ಹರ್ಟ್ಜ್ ಎಂದಿದ್ದರೆ ಚಿಂತೆಯಿಲ್ಲ, ಪ್ಲಗ್ಗಿಗೆ ಕನ್ವರ್ಟರ್ ಪಿನ್ ಸಿಕ್ಕಿಸಿದರೆ ಸಾಕು. ದುಬೈ, ಮಸ್ಕತ್, ಕುವೈತ್ ಕಡೆಯಿಂದ ಕರಾವಳಿಯ ಮನೆಗಳಿಗೆ ಬಂದ ಸೆಟ್ಟುಗಳೂ ಸಾಮಾನ್ಯವಾಗಿ ನೇರವಾಗಿ ನಡೆಯುತ್ತವೆ. ಅಲ್ಲಿನ ಕರೆಂಟೂ ನಮ್ಮದರಂತೆಯೇ 50 ಹರ್ಟ್ಜ್. ಸೌದಿ ಅರೇಬಿಯಾದ್ದು 60 ಹರ್ಟ್ಜ್, ಆದ್ದರಿಂದ ಅಲ್ಲಿಂದ ಬಂದದ್ದಾದರೆ ಪಟ್ಟಿ ಓದದೆ ಮುಂದುವರಿಯಬೇಡಿ.

120 ವೋಲ್ಟ್, 60 ಹರ್ಟ್ಜ್ ಎಂದಷ್ಟೇ ಬರೆದಿದ್ದರೆ ಅದು ಅಮೆರಿಕದ ಮನೆಗೆಂದು ಮಾಡಿದ್ದು. ನಮ್ಮ 230 ವೋಲ್ಟಿಗೆ ನೇರ ಸಿಕ್ಕಿಸಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಮಧ್ಯೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಈ ಗಡಿಯಾರಗಳು ಹೆಚ್ಚು ಕರೆಂಟು ತಿನ್ನುವುದಿಲ್ಲ. ಪಟ್ಟಿಯಲ್ಲಿ ಬರೆದ ವ್ಯಾಟಿಗಿಂತ ಎರಡು ಮೂರು ಪಟ್ಟು ತಾಳುವಂಥದ್ದು ತಂದರೆ ರಾತ್ರಿಯಿಡೀ ಬಿಸಿಯಾಗದೆ ಇರುತ್ತದೆ. ಇಷ್ಟು ಮಾಡಿದ ಮೇಲೂ ನಾವು ಬಸ್ಸು ತಪ್ಪಿಸಿಕೊಂಡೆವಲ್ಲ, ಅದರ ಕಾರಣ ಮುಂದಿದೆ.

ಗಡಿಯಾರಕ್ಕೆ ಸಮಯ ಹೇಳುವವರು ಯಾರು?

ಗೋಡೆ ಗಡಿಯಾರದಲ್ಲಿ, ಕೈಗಡಿಯಾರದಲ್ಲಿ ಸೆಕೆಂಡಿಗೆ 32,768 ಬಾರಿ ಕಂಪಿಸುವ ಕ್ವಾರ್ಟ್ಜ್ ಹರಳು ಇರುತ್ತದೆ. ಪ್ಲಗ್ಗಿಗೆ ಸಿಕ್ಕಿಸುವ ಹಾಸಿಗೆ ಪಕ್ಕದ ಗಡಿಯಾರಗಳಲ್ಲಿ ಅನೇಕವು ಹರಳನ್ನು ನಂಬುವುದಿಲ್ಲ. ಮನೆಗೆ ಬರುವ ಕರೆಂಟಿನ ಅಲೆಗಳನ್ನೇ ಎಣಿಸುತ್ತವೆ. ಅಮೆರಿಕದಲ್ಲಿ ಅಲೆ ಸೆಕೆಂಡಿಗೆ 60. ಅರವತ್ತು ಎಣಿಸಿತೆಂದರೆ ಒಂದು ಸೆಕೆಂಡು ಮುಂದೆ. ನಮ್ಮಲ್ಲಿ ಬರುವುದು 50 ಮಾತ್ರ. ಅರವತ್ತು ಎಣಿಸಿ ಮುಗಿಸಲು ಅದಕ್ಕೆ 1.2 ಸೆಕೆಂಡು ಬೇಕು. ಗಂಟೆಗೆ 10 ನಿಮಿಷ ಹಿಂದೆ ಬೀಳುತ್ತ, ಎಂಟು ಗಂಟೆ ಕಳೆಯಿತೆಂದು ಅದು ತಿಳಿಯುವ ಹೊತ್ತಿಗೆ ನಿಜವಾಗಿ 9 ಗಂಟೆ 36 ನಿಮಿಷ ಕಳೆದಿರುತ್ತದೆ. ಒಂಬತ್ತೂವರೆಗೆ 9 ಗಂಟೆ 36 ನಿಮಿಷ ಕೂಡಿಸಿ ನೋಡಿ, ನಮ್ಮ ಮನೆಯ 7 ಗಂಟೆ 6 ನಿಮಿಷ ಬರುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟನ್ನು ಇಳಿಸುತ್ತದೆಯೇ ಹೊರತು ಅಲೆಯ ಎಣಿಕೆಯನ್ನು ಬದಲಿಸುವುದಿಲ್ಲ. ಈ ಮಾತನ್ನು ಟ್ರಾನ್ಸ್‌ಫಾರ್ಮರ್ ಮಾರಿದ ಅಂಗಡಿಯವರು ಹೇಳಿದ್ದರೆ ಅಪ್ಪನಿಗೆ ಇನ್ನೊಂದು ವಾರ ಕಾಯುವುದು ತಪ್ಪುತ್ತಿತ್ತು.

ಈಗ ಮಾಡಬೇಕಾದದ್ದು: ಸೆಟ್ಟಿನ ಅಡಿಯಲ್ಲಿ ಅಥವಾ ಸೆಲ್ ಹಾಕುವ ಗೂಡಿನೊಳಗೆ 50/60 ಎಂದು ಬರೆದ ಪುಟ್ಟ ಸ್ವಿಚ್ ಇದೆಯೇ ನೋಡಿ. ಇದ್ದರೆ 50ರ ಕಡೆ ಸರಿಸಿ. ಇಲ್ಲದಿದ್ದರೆ ಸಂಜೆ ಸಮಯ ಸರಿಮಾಡಿ, ಕೈಗಡಿಯಾರ ಪಕ್ಕದಲ್ಲಿಟ್ಟುಕೊಂಡು ಒಂದು ಗಂಟೆ ಬಿಟ್ಟು ನೋಡಿ. ಕೆಲವು ಸೆಟ್ಟುಗಳು ಅಲೆಯನ್ನು ತಾವೇ ಗುರುತಿಸಿಕೊಳ್ಳುತ್ತವೆ, ಕೆಲವದರಲ್ಲಿ ಹರಳೇ ಇರುತ್ತದೆ. ಅಂಥವು ಹಿಂದೆ ಬೀಳುವುದಿಲ್ಲ. ಸರಿಯಾಗಿ ಹತ್ತು ನಿಮಿಷ ಹಿಂದೆ ಬಿದ್ದಿದ್ದರೆ ರೇಡಿಯೊ ರಿಪೇರಿಯವರಲ್ಲಿಗೆ ಒಯ್ಯಿರಿ. ಎಲ್‌ಎಂ8560ದಂಥ ಹಳೆಯ ಗಡಿಯಾರ ಐಸಿಗಳಲ್ಲಿ (ಸಮಯ ಎಣಿಸುವ ಪುಟ್ಟ ಚಿಪ್‌ಗಳಲ್ಲಿ) 50 ಬೇಕೋ 60 ಬೇಕೋ ಎಂದು ಆರಿಸಲು ಒಂದು ಕಾಲನ್ನೇ ಬಿಟ್ಟಿರುತ್ತಾರೆ. ನಮ್ಮ ಸೆಟ್ಟಿನ ಒಳಗೂ ಅಂಥದೇ ಏರ್ಪಾಡಿತ್ತು. ಗೊತ್ತಿರುವವರ ಕೈಯಲ್ಲಿ ಹತ್ತು ನಿಮಿಷದ ಕೆಲಸ.

ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಹೇಳಲೇಬೇಕು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ವಿದ್ಯುತ್ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಉಳಿದ ಜಾಲದ ಜೊತೆ ಒಂದಾಯಿತು. ಅಂದಿನಿಂದ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಕರೆಂಟಿನ ಅಲೆ ಒಂದೇ ತಾಳದಲ್ಲಿ ಏರಿಳಿಯುತ್ತದೆ. ನಿಮ್ಮ ಮಂಚದ ಪಕ್ಕದ ಗಡಿಯಾರ ಎಣಿಸುತ್ತಿರುವುದು ಆ ತಾಳವನ್ನೇ. ತಾಳ ತುಸು ನಿಧಾನವಾದರೆ ಅದೂ ನಿಧಾನವಾಗುತ್ತದೆ. 2018ರ ಆರಂಭದಲ್ಲಿ ಸರ್ಬಿಯಾ ಮತ್ತು ಕೊಸೊವೊ ನಡುವಿನ ವಿವಾದದಿಂದ ಯುರೋಪಿನ ಜಾಲಕ್ಕೆ ವಿದ್ಯುತ್ ಕಡಿಮೆ ಬಿದ್ದು, ಅಲ್ಲಿನ ಹಲವು ದೇಶಗಳಲ್ಲಿ ಇಂಥ ಗಡಿಯಾರಗಳು ಸುಮಾರು 6 ನಿಮಿಷ ಹಿಂದೆ ಬಿದ್ದಿದ್ದವು. ನಮ್ಮಲ್ಲೂ ಅಲೆ ದಿನವಿಡೀ 50ರ ಬದಲು 49.95ರಲ್ಲಿ ನಿಂತರೆ ಗಡಿಯಾರ 86 ಸೆಕೆಂಡು ಹಿಂದಾಗುತ್ತದೆ. ಕರೆಂಟು ಹೋಗಿ ಇನ್ವರ್ಟರ್ ಮೇಲೆ ನಡೆದರೆ ಲೆಕ್ಕ ಇನ್ನಷ್ಟು ಆಚೀಚೆಯಾಗಬಹುದು. ವಾರಕ್ಕೊಮ್ಮೆ, ಭಾನುವಾರವೆಂದಿಟ್ಟುಕೊಳ್ಳಿ, ಸಮಯ ಸರಿಮಾಡುವ ರೂಢಿ ಒಳ್ಳೆಯದು.

ಸೆಲ್ ಮರೆಯಬೇಡಿ. ಕರೆಂಟು ಹೋದಾಗ ಸಮಯ ಉಳಿಸಿಕೊಳ್ಳಲು 9 ವೋಲ್ಟಿನ ಚೌಕ ಸೆಲ್ಲೋ ಬಿಲ್ಲೆಯಂಥ ಸೆಲ್ಲೋ ಹಾಕುವ ಗೂಡಿರುತ್ತದೆ. ಅದು ಖಾಲಿಯಿದ್ದರೆ ಒಂದು ಕ್ಷಣ ಕರೆಂಟು ಹೋಗಿ ಬಂದರೂ 12:00 ಎಂದು ಮಿನುಗತೊಡಗುತ್ತದೆ, ಅಲಾರಮ್ಮಿನ ಕಥೆ ಮುಗಿಯಿತು. ಸೆಲ್ ಇದ್ದರೂ ಬಹುತೇಕ ಸೆಟ್ಟುಗಳಲ್ಲಿ ಅದು ಸಮಯವನ್ನಷ್ಟೇ ಕಾಯುತ್ತದೆ, ಕರೆಂಟಿಲ್ಲದ ಹೊತ್ತಿನಲ್ಲಿ ಸಿಡಿ ತಿರುಗಿಸುವ ಬಲ ಅದಕ್ಕಿಲ್ಲ. ಇನ್ವರ್ಟರ್ ಇರುವ ಮನೆಯಲ್ಲಿ ಆ ಸಾಲಿನ ಪ್ಲಗ್ಗಿಗೇ ಇದನ್ನು ಹಾಕಿ.

ಎಲ್ಲಿ ಇಡಬೇಕು

ಮಲಗಿದಲ್ಲಿಂದ ಕೈ ಚಾಚಿದರೆ ಸಿಗಬೇಕು, ಆದರೆ ಮಗ್ಗುಲಾದಾಗ ಕೈ ಬಡಿಯಬಾರದು. ಮುಚ್ಚಳ ಮೇಲಕ್ಕೆ ತೆರೆಯುವ ಸೆಟ್ಟಾದರೆ ಅದರ ಮೇಲೆ ಒಂದು ಗೇಣು ಜಾಗ ಬಿಡಿ. ಸೊಳ್ಳೆ ಪರದೆ ಇಳಿಬಿಟ್ಟರೆ ಅದರ ಅಂಚು ಮುಚ್ಚಳಕ್ಕೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ. ಅಂಕಿಗಳ ಬೆಳಕು ಕಣ್ಣಿಗೆ ಚುಚ್ಚಿದರೆ ಬೆಳಕು ತಗ್ಗಿಸುವ ಗುಂಡಿ ಹುಡುಕಿ, ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಬಾಲದಂತೆ ನೇತಾಡುವ ತಂತಿ ಎಫ್‌ಎಂ ಏರಿಯಲ್. ಚೆಂದ ಕಾಣಲೆಂದು ಅದನ್ನು ಸುತ್ತಿಡುತ್ತಾರೆ. ಪೂರ್ತಿ ಬಿಡಿಸಿ, ಗೋಡೆಗುಂಟ ಮೇಲಕ್ಕೆ ಅಂಟಿಸಿ. ಮಧ್ಯಮ ತರಂಗಕ್ಕೆ (ಎಎಂ) ಏರಿಯಲ್ ಸೆಟ್ಟಿನ ಒಳಗೇ ಇರುವುದರಿಂದ ಇಡೀ ಸೆಟ್ಟನ್ನೇ ನಿಧಾನವಾಗಿ ತಿರುಗಿಸಿ ಯಾವ ದಿಕ್ಕಿನಲ್ಲಿ ಸ್ಪಷ್ಟವೋ ಅಲ್ಲಿ ನಿಲ್ಲಿಸಬೇಕು. ಮೊಬೈಲ್ ಚಾರ್ಜರ್ ಪಕ್ಕದಲ್ಲಿದ್ದರೆ ಗೊರಗೊರ ಸದ್ದು ಬರುತ್ತದೆ, ಆಚೆಗಿಡಿ.

ಅಮೆರಿಕದ ಸೆಟ್ಟಿನಲ್ಲಿ ರೇಡಿಯೊಗೂ ಒಂದು ತೊಡಕಿದೆ. ಅಂಕಿ ತೋರಿಸುವ ಟ್ಯೂನರ್ ಆಗಿದ್ದರೆ ಎಫ್‌ಎಂನಲ್ಲಿ ಅದು 100.5, 100.7 ಎಂದು ಬೆಸ ಅಂಕಿಗಳಲ್ಲೇ ಹೆಜ್ಜೆ ಹಾಕಬಹುದು. ಬೆಂಗಳೂರಿನ ರೈನ್‌ಬೋ 101.3, ವಿವಿಧ ಭಾರತಿ 102.9. ಎರಡೂ ಬೆಸ, ಆದ್ದರಿಂದ ಸಲೀಸು. ಮೈಸೂರು ಆಕಾಶವಾಣಿ 100.6, ಎರಡು ಹೆಜ್ಜೆಗಳ ನಡುವೆ ಬಿದ್ದು ಒಡಕಲಾಗಿ ಕೇಳುತ್ತದೆ. ಮಧ್ಯಮ ತರಂಗದಲ್ಲಿ ಅವರ ಹೆಜ್ಜೆ 10 ಕಿಲೋಹರ್ಟ್ಜ್, ನಮ್ಮದು 9. ಬೆಂಗಳೂರಿನ 612ಕ್ಕೆ 610 ಹತ್ತಿರವಿದೆ. ಭದ್ರಾವತಿಯ 675, ಧಾರವಾಡದ 765 ಸರಿಯಾಗಿ ನಡುಮಧ್ಯೆ ಸಿಕ್ಕಿಬೀಳುತ್ತವೆ. ಮುಳ್ಳು ಸರಿಸುವ ಹಳೆಯ ಬಗೆಯ ಸೆಟ್ಟಾದರೆ ಈ ತಾಪತ್ರಯವೇ ಇಲ್ಲ. ಕೊಳ್ಳುವವರಿಗೆ ನನ್ನ ಸಲಹೆಯೂ ಅದೇ. ಹಳೆಯ ಜಪಾನಿ ಸೆಟ್ಟು ಮಾತ್ರ ಬೇಡ, ಆ ದೇಶಕ್ಕೆಂದೇ ಮಾಡಿದವುಗಳ ಎಫ್‌ಎಂ 76ರಿಂದ 90ಕ್ಕೆ ಮುಗಿದುಹೋಗುತ್ತದೆ.

ಏಳಿಸಲೆಂದೇ ಒಂದು ಸಿಡಿ

ಬಹಳ ಸೆಟ್ಟುಗಳು ಅಲಾರಂ ಹೊಡೆದಾಗ ಸಿಡಿಯ ಮೊದಲನೇ ಹಾಡಿನಿಂದಲೇ ಶುರುಮಾಡುತ್ತವೆ. ಆದ್ದರಿಂದ ಇಷ್ಟದ ಸಿಡಿ ಹಾಕಿ ಮಲಗಿದರೆ ಇಷ್ಟದ ಹಾಡಿಗೇ ಏಳುತ್ತೇವೆಂಬ ಭರವಸೆಯಿಲ್ಲ. ಮೊದಲನೆಯದು ವಿಳಂಬಿತ ಆಲಾಪವಾದರೆ, ತಂಬೂರಿಯ ಶ್ರುತಿ ತೇಲಿಬಂದು ಗಾಯಕರು ಷಡ್ಜ ಹಿಡಿಯುವ ಹೊತ್ತಿಗೆ ನಿದ್ದೆ ಇನ್ನೂ ಗಾಢವಾಗುತ್ತದೆ. ಅಪ್ಪನ ಮೊದಲ ಆಯ್ಕೆ ಅಂಥದ್ದೇ ಆಗಿತ್ತು. ಮೂರು ದಿನ ಅಮ್ಮ ಎದ್ದರು, ಅಪ್ಪ ಏಳಲಿಲ್ಲ.

ಅದಕ್ಕೆ ನಾವು ಬೇರೆಯೇ ಒಂದು ಸಿಡಿ ಬರೆದುಕೊಂಡೆವು. ಮನೆಯಲ್ಲಿರುವ ಸಿಡಿಗಳಿಂದ ಹಾಡು ಆರಿಸಿ, ಮೊದಲನೆಯದಾಗಿ ಸ್ಪಷ್ಟವಾಗಿ ಶುರುವಾಗುವ, ಆದರೆ ಎದೆ ಧಸಕ್ಕೆನ್ನದ ಒಂದನ್ನು ಇಡಿ. ವೀಣೆ, ಕೊಳಲು ಚೆನ್ನ. ನಾದಸ್ವರಕ್ಕೆ ಏಳದವರಿಲ್ಲ, ಆದರೆ ಪಕ್ಕದ ಮನೆಯವರೂ ಏಳುತ್ತಾರೆ. ಎರಡನೆಯದು ತುಸು ಚುರುಕಾದದ್ದು, ಮೂರನೆಯದು ಹಾಸಿಗೆ ಮಡಚಲು ಹುರುಪು ಕೊಡುವಂಥದ್ದು. ಆಲಾಪ ಆಮೇಲೆ, ಕಾಫಿ ಹೊತ್ತಿಗೆ ಬರಲಿ. ಒಂದು ಸಿಡಿಯಲ್ಲಿ 80 ನಿಮಿಷ ಹಿಡಿಸುತ್ತದೆ.

ಬರೆಯುವಾಗ ಡೇಟಾ ಸಿಡಿಯಾಗಿ ಅಲ್ಲ, ಆಡಿಯೊ ಸಿಡಿಯಾಗಿ ಬರೆಯಿರಿ. ಎಂಪಿ3 ಓದಲು ಬಾರದ ಸೆಟ್ಟುಗಳು ಸಾಕಷ್ಟಿವೆ. ಕಡೆಯಲ್ಲಿ ಫೈನಲೈಸ್ ಮಾಡುವುದು (ಬರವಣಿಗೆ ಮುಗಿಯಿತೆಂದು ಸಿಡಿಯನ್ನು ಮುಚ್ಚುವುದು) ಕಡ್ಡಾಯ, ಇಲ್ಲವಾದರೆ ಪ್ಲೇಯರಿಗೆ ಸಿಡಿ ಇರುವುದೇ ಕಾಣುವುದಿಲ್ಲ. ಅಳಿಸಿ ಬರೆಯುವ ಆರ್‌ಡಬ್ಲ್ಯು ಸಿಡಿ ಬೇಡ. ಅದು ಬೆಳಕನ್ನು ಕಡಿಮೆ ಮರಳಿಸುವುದರಿಂದ ಹಳೆಯ ಲೇಸರಿಗೆ ಓದಲು ಕಷ್ಟ. ಇನ್ನೊಂದು ಲಾಭವಿದೆ. ಅಂಗಡಿಯಿಂದ ಕೊಂಡ ಮೂಲ ಸಿಡಿ ಪೆಟ್ಟಿಗೆಯಲ್ಲಿ ಭದ್ರ, ದಿನವೂ ಸವೆಯುವುದು ನಕಲು.

ಅಲಾರಂ ಇಡುವಾಗ

ಪಿಎಂ ಎಂಬ ಪುಟ್ಟ ಚುಕ್ಕೆಯನ್ನು ಮೊದಲು ನೋಡಿ. 12 ಗಂಟೆಯ ಗಡಿಯಾರದಲ್ಲಿ ಅದು ಹೊತ್ತಿದ್ದರೆ ಸಂಜೆ. ಗಡಿಯಾರಕ್ಕೂ ಅಲಾರಮ್ಮಿಗೂ ಬೇರೆಬೇರೆಯಾಗಿ ನೋಡಬೇಕು.

ಬಝರ್, ರೇಡಿಯೊ, ಸಿಡಿ ಎಂಬ ಮೂರರಲ್ಲಿ ಸಿಡಿ ಆರಿಸಿ. ಇನ್ನು ವಾಲ್ಯೂಮ್. ನನ್ನ ಅನುಭವದಲ್ಲಿ ಜನ ಸೋಲುವುದು ಇಲ್ಲಿಯೇ. ರಾತ್ರಿ ಹಾಡು ಕೇಳುತ್ತ ಮಲಗಲೆಂದು ಸ್ಲೀಪ್ ಗುಂಡಿ ಒತ್ತುತ್ತೀರಿ. 90, 60, 30, 15 ನಿಮಿಷದ ಬಳಿಕ ಹಾಡು ತಾನೇ ನಿಲ್ಲುವಂತೆ ಮಾಡುವ ಈ ಸೌಲಭ್ಯ ನಿಜಕ್ಕೂ ಹಿತ. ನಿದ್ದೆ ಬರಲೆಂದು ಸದ್ದನ್ನು ಪಿಸುಮಾತಿನಷ್ಟು ತಗ್ಗಿಸುತ್ತೀರಿ. ನಾಬ್ ತಿರುಗಿಸುವ ಸೆಟ್ಟುಗಳಲ್ಲಿ ಬೆಳಿಗ್ಗೆ ಸಿಡಿ ಹಾಡುವುದೂ ಅದೇ ಪಿಸುಮಾತಿನಲ್ಲಿ. ಅಲಾರಂ ಹೊಡೆಯುತ್ತದೆ, ನಿಮಗೆ ಕೇಳುವುದಿಲ್ಲ. ಅಲಾರಮ್ಮಿಗೆ ಬೇರೆ ವಾಲ್ಯೂಮ್ ಇಡುವ ಸೌಲಭ್ಯ ಇಲ್ಲದಿದ್ದರೆ ಸ್ಲೀಪ್ ಅನ್ನು ಬಿಟ್ಟುಬಿಡಿ. ಇಲ್ಲವೇ ಎರಡನೇ ಅಲಾರಮ್ಮನ್ನು ಹತ್ತು ನಿಮಿಷ ತಡವಾಗಿ ಬಝರಿಗೆ ಇಡಿ, ಬಝರಿಗೆ ಸಾಮಾನ್ಯವಾಗಿ ನಾಬಿನ ಹಂಗಿಲ್ಲ. ಎರಡು ಅಲಾರಂ ಇರುವ ಸೆಟ್ಟಿನಲ್ಲಿ ನಾನು ಇದನ್ನೇ ಮಾಡುತ್ತೇನೆ, ಪ್ರಯಾಣದ ದಿನ ತಪ್ಪದೆ.

ಹಗಲು ಹೊತ್ತಿನಲ್ಲಿ ಎರಡು ನಿಮಿಷ ಮುಂದಕ್ಕೆ ಅಲಾರಂ ಇಟ್ಟು ಒಮ್ಮೆ ಪರೀಕ್ಷಿಸಿ. ಸಮಯವಾದ ತಕ್ಷಣ ಹಾಡು ಬರುವುದಿಲ್ಲ. ಮೊದಲು ಸಿಡಿ ತಿರುಗಬೇಕು, ಲೇಸರ್ ಒಳಗಿನ ಅಂಚಿನಲ್ಲಿರುವ ಪಟ್ಟಿ ಓದಿ ಎಷ್ಟು ಹಾಡಿವೆಯೆಂದು ತಿಳಿಯಬೇಕು. ಆ ಕೆಲವು ಸೆಕೆಂಡು ಸುಂಯ್ ಎಂಬ ಸಣ್ಣ ಸದ್ದು. ಈಚೆಗೆ ಅಪ್ಪ ಆ ಸದ್ದಿಗೇ ಎಚ್ಚರಾಗಿ, ಹಾಡಿಗಾಗಿ ಕಣ್ಣು ಮುಚ್ಚಿಕೊಂಡೇ ಕಾಯುತ್ತಾರೆ. ಪರೀಕ್ಷೆಯನ್ನು ಸಿಡಿ ತೆಗೆದೂ ಮಾಡಿ ನೋಡಿ. ಒಳ್ಳೆಯ ಸೆಟ್ಟು ಸಿಡಿ ಸಿಗದಿದ್ದರೆ ಬಝರ್ ಹೊಡೆಯುತ್ತದೆ. ನಿಮ್ಮದು ಸುಮ್ಮನಿದ್ದರೆ ಮಲಗುವ ಮುನ್ನ ಮುಚ್ಚಳ ತೆರೆದು ನೋಡುವುದನ್ನು ರೂಢಿ ಮಾಡಿಕೊಳ್ಳಬೇಕು.

ಮೇಲಿನ ದೊಡ್ಡ ಗುಂಡಿ ಸ್ನೂಜ್. ಅನೇಕ ಸೆಟ್ಟುಗಳಲ್ಲಿ ಒಮ್ಮೆ ಒತ್ತಿದರೆ 9 ನಿಮಿಷ ಬಿಡುವು.

ಮಳೆಗಾಲ ಮತ್ತು ಹೊಗೆ

ಸಿಡಿಯನ್ನು ಓದುವುದು ಕಣ್ಣಿಗೆ ಕಾಣದ 780 ನ್ಯಾನೊಮೀಟರಿನ ಲೇಸರ್, ಪುಟ್ಟ ಲೆನ್ಸಿನ ಮೂಲಕ. ಮಲಗುವ ಕೋಣೆಯಲ್ಲಿ ಸೊಳ್ಳೆ ಬತ್ತಿ, ಊದುಬತ್ತಿ ಹಚ್ಚುವ ಮನೆಗಳಲ್ಲಿ ಹೊಗೆಯ ಜಿಡ್ಡು ಅದರ ಮೇಲೆ ಕೂರುತ್ತದೆ. ಸಿಡಿ ತಡವರಿಸಿದರೆ ಮೊದಲು ಇದನ್ನೇ ಶಂಕಿಸಿ. ಪ್ಲಗ್ ಕಿತ್ತು, ಮುಚ್ಚಳ ತೆರೆದು, ಗಾಳಿಯೂದುವ ರಬ್ಬರ್ ಬುರುಡೆಯಿಂದ ಧೂಳು ಹಾರಿಸಿ. ಹೋಗದಿದ್ದರೆ ಹತ್ತಿ ಕಡ್ಡಿಯ ತುದಿಗೆ ಐಸೋಪ್ರೊಪೈಲ್ ಆಲ್ಕೊಹಾಲ್ ಒಂದು ಹನಿ ಮುಟ್ಟಿಸಿ ಲೆನ್ಸಿನ ಮೇಲೆ ಹಗುರವಾಗಿ ಸವರಿ, ಒತ್ತಬೇಡಿ. ಬಾಯಿಂದ ಊದಿದರೆ ಎಂಜಲು ಹಾರುತ್ತದೆ. ಮುಚ್ಚಳ ತೆರೆದಾಗ ಲೇಸರ್ ಆರಿಸುವ ಸ್ವಿಚ್ಚಿಗೆ ಕಡ್ಡಿ ಸಿಕ್ಕಿಸಿ ಒಳಗೆ ಇಣುಕುವ ಸಾಹಸ ಬೇಡ, ಕಣ್ಣಿಗೆ ಅಪಾಯ.

ಸಿಡಿ ಒರೆಸುವುದಾದರೆ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ದುಂಡಗೆ ಅಲ್ಲ. ಅದರ ಸಾಲು ಸುರುಳಿಯಾಗಿ ಸುತ್ತಿಕೊಂಡಿದೆ, ಸಾಲಿನ ಗುಂಟ ಬಿದ್ದ ಗೀರು ಅಡ್ಡಗೀರಿಗಿಂತ ಕೆಟ್ಟದ್ದು. ಹೊಳೆಯುವ ಮುಖವನ್ನು ಜೋಪಾನ ಮಾಡುವವರು ಹೆಸರು ಬರೆಯುವ ಮುಖವನ್ನು ಮೇಜಿನ ಮೇಲೆ ಉಜ್ಜುತ್ತಾರೆ. ಹಾಡು ಇರುವ ಪದರ ಆ ಹೆಸರಿನ ಕೆಳಗೇ ಇದೆ, ಮೇಲೆ ತೆಳು ಮೆರುಗೆಣ್ಣೆ ಮಾತ್ರ. ಬಾಲ್‌ಪೆನ್ನಿನಿಂದ ಬರೆಯಬೇಡಿ. ನೀವೇ ಬರೆದ ಸಿಡಿಯಲ್ಲಿರುವುದು ಬಣ್ಣದ ಪದರ, ಕಿಟಕಿಯ ಬಿಸಿಲಿಗೆ ಮಾಸುತ್ತದೆ.

ಮಲೆನಾಡಿನ ಆಷಾಢದಲ್ಲಿ ಬೂಷ್ಟು ಹಿಡಿಯದ ವಸ್ತುವಿಲ್ಲ. ಸಿಡಿ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣವಿರಲಿ. ತೇವ ಕಟ್ಟಿ ಸಿಡಿ ಓದದಿದ್ದರೆ ರಿಪೇರಿಗೆ ಓಡಬೇಡಿ. ಸಿಡಿ ಹೊರತೆಗೆದು, ಸೆಟ್ಟನ್ನು ಒಂದೆರಡು ಗಂಟೆ ಚಾಲೂ ಇಟ್ಟರೆ ಅದರ ಬಿಸಿಗೇ ಲೆನ್ಸು ಒಣಗುತ್ತದೆ. ವಾರಗಟ್ಟಲೆ ಊರಿಗೆ ಹೋಗುವಾಗ ಸಿಡಿ ತೆಗೆದಿಟ್ಟು, ಪ್ಲಗ್ ಕಿತ್ತು, 9 ವೋಲ್ಟಿನ ಸೆಲ್ಲನ್ನೂ ಹೊರತೆಗೆದುಬಿಡಿ. ಸೋರಿದ ಸೆಲ್ಲಿನ ನೀರು ಗೂಡಿನ ತಗಡನ್ನು ತಿಂದುಹಾಕುತ್ತದೆ. ಬಂದ ದಿನ ರಾತ್ರಿ ಮತ್ತೆ ಸಮಯ ಸರಿಮಾಡಿ, ಪಿಎಂ ಚುಕ್ಕೆ ನೋಡಿ, ಸಿಡಿ ಹಾಕಿ ಮಲಗಿ.